ಕೀಬೋರ್ಡ್ ಕಲಿಯುವವರ ಕೈಯಲ್ಲೇ ಇರಲಿ

ಪ್ರೋಗ್ರಾಮಿಂಗ್ ಕಲಿಯುವ ಹೊಸಬರ ಪರವಾಗಿ ಒಂದು ಪ್ರಣಾಳಿಕೆ

ಪ್ರೋಗ್ರಾಮಿಂಗ್ ಕಲಿಯಲು ಕುಳಿತ ಹೊಸಬರು ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಆಗ ಕೇಳಲು ಅವರಿಗೊಬ್ಬ ಮನುಷ್ಯ ಬೇಕು. ಕೇಳಿದ್ದಕ್ಕೆ ಮಾನ ಹೋಗಬಾರದು. ಹೇಳಿಕೊಟ್ಟವರು ಎದ್ದು ಹೋದ ಮೇಲೆ ಅದೇ ತೊಡಕು ಮತ್ತೆ ಎದುರಾದರೆ ತಾವೇ ಬಿಡಿಸಿಕೊಳ್ಳುವಂತಿರಬೇಕು. ಇಷ್ಟಕ್ಕಾಗಿ ನಾವು ಈ ಚಳವಳಿ ಶುರು ಮಾಡುತ್ತಿದ್ದೇವೆ. ದೊಡ್ಡ ಬೇಡಿಕೆಯೇನಲ್ಲ. ಸಾಫ್ಟ್‌ವೇರಿಗೆ ಹೆಸರಾದ ರಾಜ್ಯದಲ್ಲಿ ಲ್ಯಾಬು, ಕೋಚಿಂಗ್ ಸೆಂಟರು, ಯೂಟ್ಯೂಬ್ ಪಾಠ ಎಲ್ಲ ಇದ್ದೂ ಇಷ್ಟು ಸಣ್ಣದು ಸಿಗುತ್ತಿಲ್ಲ ಎಂಬುದೇ ನಮ್ಮ ತಕರಾರು.

ನಮ್ಮಲ್ಲಿ ಕಂಪನಿಗಳಲ್ಲಿ ಕೋಡ್ ಬರೆಯುವವರಿದ್ದಾರೆ, ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವವರಿದ್ದಾರೆ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಮ್ಮೆಲೇ ಇಂಗ್ಲಿಷಿನ ಎರರ್ ಮೆಸೇಜುಗಳ ನಡುವೆ ಬಿದ್ದವರಿದ್ದಾರೆ, ಮಕ್ಕಳು ಶಾಲೆಗೆ ಹೋದ ಮೇಲೆ ಪೈಥಾನ್ ಕಲಿಯುತ್ತಿರುವ ತಾಯಂದಿರಿದ್ದಾರೆ. ಅಧ್ಯಕ್ಷರಿಲ್ಲ, ಸದಸ್ಯತ್ವ ಶುಲ್ಕವಿಲ್ಲ.

ಮೊದಲು ಒಂದು ಲೆಕ್ಕ ನೋಡಿ. ಸಿ ಭಾಷೆ ಕಲಿಯುವವರು ಲ್ಯಾಬಿನಲ್ಲಿ ತಪ್ಪದೆ ಬರೆಯುವ ಪ್ರೋಗ್ರಾಂ ಫ್ಯಾಕ್ಟೋರಿಯಲ್. 5 ಕೊಟ್ಟರೆ 120 ಬರುತ್ತದೆ, 7 ಕೊಟ್ಟರೆ 5040. ಒಬ್ಬ ಹುಡುಗಿ ಕುತೂಹಲಕ್ಕೆ 8 ಕೊಡುತ್ತಾಳೆ. ಟರ್ಬೊ ಸಿ-ಯ ನೀಲಿ ಪರದೆಯಲ್ಲಿ ಆಲ್ಟ್ ಎಫ್‌5 ಒತ್ತಿದರೆ ಕಪ್ಪು ಪರದೆಯ ಮೇಲೆ ಬರುವ ಉತ್ತರ -25216. ಧನ ಸಂಖ್ಯೆಗಳನ್ನೇ ಗುಣಿಸುತ್ತಾ ಹೋದರೆ ಋಣ ಸಂಖ್ಯೆ ಬರುವುದು ಹೇಗೆ? ಅವಳು ಎದ್ದು ಕೇಳುತ್ತಾಳೆ. ಎಷ್ಟೋ ಲ್ಯಾಬುಗಳಲ್ಲಿ ಅವಳಿಗೆ ಸಿಗುವ ಉತ್ತರ: ‘ಐದು ಕೊಟ್ಟು ಔಟ್‌ಪುಟ್ ತಗೊಂಡು ರೆಕಾರ್ಡ್‌ನಲ್ಲಿ ಬರಿಯಮ್ಮ, ಎಕ್ಸಾಮಿಗೆ ಅಷ್ಟು ಸಾಕು.’

ಅವಳ ಪ್ರಶ್ನೆ ಎಲ್ಲಿಗೆ ಹೋಗಬಹುದಿತ್ತು? ಟರ್ಬೊ ಸಿ ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಡಾಸ್ ಕಾಲದ ಯಂತ್ರಗಳಿಗೆ ಹೊರತಂದ ಸಾಫ್ಟ್‌ವೇರ್. ಅದರಲ್ಲಿ ಇಂಟ್, ಅಂದರೆ ಪೂರ್ಣಾಂಕ ಇಡುವ ಜಾಗ, 16 ಬಿಟ್. ಅಷ್ಟು ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32767. ಎಂಟರ ಫ್ಯಾಕ್ಟೋರಿಯಲ್ 40320. ಅದು ಅಲ್ಲಿ ಹಿಡಿಸುವುದಿಲ್ಲ. 40320ರಿಂದ 65536 ಕಳೆಯಿರಿ, -25216 ಸಿಗುತ್ತದೆ. ಅದೇ ಪ್ರೋಗ್ರಾಮನ್ನು ಇವತ್ತಿನ ಲ್ಯಾಪ್‌ಟಾಪಿನಲ್ಲಿ ಜಿಸಿಸಿ ಎಂಬ ಕಂಪೈಲರ್ ಹಾಕಿಕೊಂಡು ಓಡಿಸಿದರೆ ಇಂಟ್ 32 ಬಿಟ್ ಇರುವುದರಿಂದ 12ರವರೆಗೂ ಉತ್ತರ ಸರಿ. 13 ಕೊಟ್ಟಾಗ ಸಾಮಾನ್ಯವಾಗಿ ಬರುವುದು 1932053504. ಸರಿಯಾದ ಉತ್ತರ 6227020800. ಈ ಎರಡನೆಯ ತಪ್ಪು ಹೆಚ್ಚು ಅಪಾಯದ್ದು ಎಂದೇ ನಮ್ಮ ಅಭಿಪ್ರಾಯ. ಮೈನಸ್ ಚಿಹ್ನೆ ಇಲ್ಲದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ, ನಿಮಿಷ ತುಂಬುವ ಮೊದಲೇ ನಾಶವಾಯಿತು. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕದೊಳಗೆ ತುರುಕಲು ಹೋದದ್ದರಿಂದ ಆದ ಅನಾಹುತ ಅದು. ಲ್ಯಾಬಿನಲ್ಲಿ ಎದ್ದು ನಿಂತ ಹುಡುಗಿ ಕೇಳಿದ್ದೂ ಅದನ್ನೇ. ಅವಳನ್ನು ‘ಐದು ಕೊಡು’ ಎಂದು ಕೂರಿಸಿದರು.

ಹೊಸಬರ ಪ್ರಶ್ನೆ ಸಣ್ಣದು ಎಂಬ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಅನುಭವಿಗಳು ನೋಡಿಯೂ ನೋಡದಂತೆ ದಾಟಿಹೋಗಲು ರೂಢಿಯಾದ ಜಾಗದಲ್ಲೇ ಹೊಸಬರು ಎಡವುತ್ತಾರೆ. ಎಡವಿದ ಕಡೆ ಅಗೆದರೆ ಬಹಳ ಸಲ ಏನಾದರೂ ಸಿಗುತ್ತದೆ.

ಇನ್ನು ನೆರವಿನ ವಿಷಯ. ನೆರವು ಎಂಬ ಹೆಸರಿನಲ್ಲಿ ನಡೆಯುವ ಅತಿ ದೊಡ್ಡ ಅನ್ಯಾಯ ಬೈಗುಳವಲ್ಲ, ಕೀಬೋರ್ಡ್ ಕಿತ್ತುಕೊಳ್ಳುವುದು. ‘ಸರಿ, ಇಲ್ಲಿ ಕೊಡು’ ಎಂದು ಮೌಸ್ ಎಳೆದುಕೊಂಡು, ಟಕಟಕ ನಾಲ್ಕು ಸಾಲು ಹೊಡೆದು, ‘ನೋಡು, ಬಂತು’ ಎಂದು ಎದ್ದುಹೋಗುವವರು ಕೆಟ್ಟವರಲ್ಲ, ಬಹುಪಾಲು ಒಳ್ಳೆಯವರೇ. ಸಾರು ಮಾಡಲು ಕಲಿಸುವ ಅತ್ತೆ ಪ್ರತಿ ಸಲವೂ ಸೌಟು ಕಸಿದುಕೊಂಡರೆ ಸೊಸೆ ಕಲಿಯುವುದು ಸಾರಲ್ಲ, ಅಡುಗೆಮನೆಯ ಭಯ. ನಮ್ಮ ಚಳವಳಿಯ ಮೊದಲ ನಿಯಮ ಇದರಿಂದಲೇ ಹುಟ್ಟಿತು: ಹೇಳಿಕೊಡುವವರು ಕೀಬೋರ್ಡ್ ಮುಟ್ಟುವಂತಿಲ್ಲ. ಸೆಮಿಕೋಲನ್ ಒಂದೇ ಬಾಕಿ ಇದ್ದರೂ ಇಲ್ಲ, ಹೊರಡುವ ಬಸ್ಸಿಗೆ ಐದೇ ನಿಮಿಷ ಇದ್ದರೂ ಇಲ್ಲ.

ಹಾಗಾದರೆ ಹೇಳಿಕೊಡುವುದು ಹೇಗೆ? ಪೈಥಾನ್ ಶುರು ಮಾಡಿದವರಲ್ಲಿ ಬಹಳ ಮಂದಿಗೆ ಬರುವ ತೊಡಕೊಂದನ್ನೇ ತೆಗೆದುಕೊಳ್ಳೋಣ. ಎರಡು ವಿಷಯಗಳ ಅಂಕ ಕೇಳಿ ಕೂಡಿಸುವ ಪ್ರೋಗ್ರಾಂ.

‘ಅಕ್ಕಾ, 45, 50 ಕೊಟ್ಟೆ. 4550 ಅಂತ ತೋರಿಸ್ತಿದೆ.’

‘ಎಷ್ಟು ಬರ್ಬೇಕಿತ್ತು?’

‘95.’

‘4550 ನೋಡಿದ್ರೆ ನಿಂಗೇನನ್ಸುತ್ತೆ?’

‘ಎರಡನ್ನೂ ಪಕ್ಕಪಕ್ಕ ಅಂಟಿಸಿದಂಗಿದೆ.’

‘ಲೆಕ್ಕ ಮಾಡುವಾಗ ಯಾರಾದ್ರೂ ಹಂಗೆ ಅಂಟಿಸ್ತಾರಾ?’

‘ಇಲ್ಲ. ಹೆಸರು, ಇನಿಷಿಯಲ್ ಆದ್ರೆ ಅಂಟಿಸ್ತಾರೆ.’

‘ಹಂಗಾದ್ರೆ ಪೈಥಾನ್ ನಿನ್ನ 45ನ ಏನಂತ ಅಂದ್ಕೊಂಡಿದೆ? ಅದನ್ನೇ ಕೇಳು. ಟೈಪ್ ಅಂತ ಒಂದು ಫಂಕ್ಷನ್ ಇದೆ.’

ಹುಡುಗ ಕೇಳುತ್ತಾನೆ, ಸ್ಟ್ರಿಂಗ್ ಎಂದು ಉತ್ತರ ಬರುತ್ತದೆ. ಇನ್‌ಪುಟ್ ಫಂಕ್ಷನ್ ಏನೇ ಟೈಪ್ ಮಾಡಿದರೂ ಅಕ್ಷರಗಳ ಸಾಲಾಗಿಯೇ ಕೊಡುತ್ತದೆ, ಸಂಖ್ಯೆ ಬೇಕಿದ್ದರೆ ಇಂಟ್ ಹಾಕಿ ಬದಲಾಯಿಸಿಕೊಳ್ಳಬೇಕು. ‘ಇಂಟ್ ಹಾಕು’ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆಗ ಅವನಿಗೆ ಒಂದು ಪ್ರೋಗ್ರಾಂ ಸರಿಯಾಗುತ್ತಿತ್ತು. ಈಗ ಅವನಿಗೆ ಯಾವುದೇ ಪ್ರೋಗ್ರಾಮಿನ ಯಾವುದೇ ಬೆಲೆಯ ಬಗ್ಗೆ ಅನುಮಾನ ಬಂದರೂ ಭಾಷೆಯನ್ನೇ ವಿಚಾರಿಸುವುದು ಗೊತ್ತು. ಹತ್ತು ನಿಮಿಷ ಹೆಚ್ಚು ಹಿಡಿಯಿತು, ಹಿಡಿಯಲಿ.

ಕೇಳುವವರಿಗೂ ಕೆಲಸವಿದೆ. ಪ್ರೋಗ್ರಾಮರ್ ಎರಿಕ್ ರೇಮಂಡ್ 2001ರಲ್ಲಿ ಪ್ರಶ್ನೆಯನ್ನು ಜಾಣತನದಿಂದ ಕೇಳುವುದು ಹೇಗೆಂಬುದರ ಮೇಲೆ ಉದ್ದನೆಯ ಮಾರ್ಗದರ್ಶಿಯೊಂದನ್ನು ಬರೆದರು. ಕೇಳುವ ಮುನ್ನ ಹುಡುಕಿ, ಏನೇನು ಮಾಡಿ ನೋಡಿದಿರಿ ಎಂದು ಹೇಳಿ ಎಂಬ ಅದರ ಸಲಹೆಗಳು ಇವತ್ತಿಗೂ ಸರಿ. ಆದರೆ ಅದರ ಧಾಟಿ ನಮಗೆ ಒಗ್ಗುವುದಿಲ್ಲ. ತಜ್ಞರ ಸಮಯ ಬೆಲೆಬಾಳುವಂಥದ್ದು, ಹೊಸಬರು ಅದಕ್ಕೆ ಅರ್ಹತೆ ಸಾಬೀತು ಮಾಡಲಿ ಎಂಬ ದೊರೆತನ ಅದರಲ್ಲಿದೆ. ನೆಟ್ಟಗೆ ಪ್ರಶ್ನೆ ಕೇಳುವುದೇ ಒಂದು ವಿದ್ಯೆ, ಅದನ್ನೂ ಕಲಿಸಬೇಕು. ಕಲಿಸದೆ ಪರೀಕ್ಷೆ ಮಾಡುವುದು ನ್ಯಾಯವಲ್ಲ.

ಆದ್ದರಿಂದ ನಾವು ಕೇಳುವವರಿಂದ ಬೇಡುವುದು ಇಷ್ಟು. ‘ವರ್ಕ್ ಆಗ್ತಿಲ್ಲ’ ಎಂದು ನಿಲ್ಲಿಸಬೇಡಿ. ಏನು ಕೊಟ್ಟಿರಿ, ಏನು ಬರಬೇಕಿತ್ತು, ಏನು ಬಂತು ಎಂದು ಹೇಳಿ. ಪರದೆಯ ಮೇಲೆ ಬಂದ ಎರರ್ ಇದ್ದ ಹಾಗೆಯೇ ತೋರಿಸಿ, ನೆನಪಿನಿಂದ ಹೇಳಬೇಡಿ, ಗಾಬರಿಯಲ್ಲಿ ಅಳಿಸಿಬಿಡಬೇಡಿ. ಎರರ್ ಓದುವುದಕ್ಕೂ ಒಂದು ಕ್ರಮವಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಪೈಥಾನಿನಲ್ಲಿ ಕೊನೆಯ ಸಾಲನ್ನು ಮೊದಲು ಓದಬೇಕು. ನಿಜವಾದ ದೂರು ಅಲ್ಲಿರುತ್ತದೆ. ಸಿ-ಯಲ್ಲಿ ಹಾಗಲ್ಲ, ಮೊದಲ ಎರರನ್ನೇ ಮೊದಲು ನೋಡಬೇಕು. ಒಂದು ಆವರಣ ಮರೆತರೆ ಅದರ ಹಿಂದೆಯೇ ಹತ್ತಾರು ದೂರು ಸಾಲುಗಟ್ಟುತ್ತವೆ, ಮೊದಲನೆಯದು ಸರಿಹೋದರೆ ಉಳಿದವು ತಾವಾಗಿಯೇ ಹೋಗುತ್ತವೆ. ಟರ್ಬೊ ಸಿ ‘ಸೆಮಿಕೋಲನ್ ಇಲ್ಲ’ ಎಂದು ಬೆರಳಿಟ್ಟು ತೋರಿಸುವುದು ತಪ್ಪಾದ ಸಾಲಿನ ಮುಂದಿನ ಸಾಲನ್ನು. ತಾನು ಬರೆದದ್ದು ಸರಿಯಾಗಿಯೇ ಇದೆ, ಯಂತ್ರ ಸುಳ್ಳು ಹೇಳುತ್ತಿದೆ ಎಂದು ಗಂಟೆಗಟ್ಟಲೆ ಆ ಸಾಲನ್ನೇ ದಿಟ್ಟಿಸುವವರಿಗೆ ಮೇಲಿನ ಸಾಲು ನೋಡು ಎಂದು ಹೇಳುವವರೊಬ್ಬರು ಸಾಕಿತ್ತು.

ಎರರ್ ಮೆಸೇಜುಗಳು ಹೀಗೆ ದಾರಿ ತಪ್ಪಿಸುತ್ತವೆ ಎಂದು ಭಾಷೆ ಕಟ್ಟಿದವರೂ ಒಪ್ಪಿಕೊಂಡಿದ್ದಾರೆ ಎಂಬುದು ನಮಗೆ ಧೈರ್ಯ. ಪೈಥಾನಿನಲ್ಲಿ ಆವರಣ ಮುಚ್ಚದೆ ಬಿಟ್ಟರೆ ಹಿಂದೆಲ್ಲ ಸಂಬಂಧವೇ ಇಲ್ಲದ ಸಾಲಿನ ಮೇಲೆ ದೂರು ಬರುತ್ತಿತ್ತು. 2021ರಲ್ಲಿ ಬಂದ 3.10 ಆವೃತ್ತಿಯಿಂದ ಈಚೆಗೆ ‘ಈ ಆವರಣ ಮುಚ್ಚಿಲ್ಲ’ ಎಂದು ನೇರವಾಗಿ ಹೇಳುತ್ತದೆ. ಹೆಸರಿನ ಕಾಗುಣಿತ ತಪ್ಪಿದರೆ ‘ನೀವು ಹೇಳಹೊರಟದ್ದು ಇದೇನಾ?’ ಎಂದು ಕೇಳುತ್ತದೆ. ಯಂತ್ರವೇ ಇಷ್ಟು ಸೌಜನ್ಯ ಕಲಿಯಿತೆಂದರೆ ಲ್ಯಾಬಿನಲ್ಲಿ ನಿಂತ ಮನುಷ್ಯರಿಗೆ ಏನು ತೊಂದರೆ?

ಇನ್ನೊಂದು ಸಂಗತಿ. ಕೇಳುವವರು ಎಷ್ಟೋ ಸಲ ತಮ್ಮ ನಿಜವಾದ ಪ್ರಶ್ನೆ ಕೇಳುವುದಿಲ್ಲ. ‘ಪದದ ಕೊನೆಯ ಮೂರು ಅಕ್ಷರ ತೆಗೆದುಕೊಳ್ಳುವುದು ಹೇಗೆ?’ ಎನ್ನುತ್ತಾರೆ. ಅವರಿಗೆ ಬೇಕಿರುವುದು ಫೈಲ್ ಯಾವ ಬಗೆಯದು ಎಂದು ತಿಳಿಯುವುದು. ಜೆಪಿಜಿ ಆದರೆ ಮೂರು ಸಾಕು, ಜೆಪಿಇಜಿ ಬಂದ ದಿನ ಪ್ರೋಗ್ರಾಂ ಕೈಕೊಡುತ್ತದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಕೈತೊಳೆದುಕೊಳ್ಳದೆ ‘ಇದು ಯಾಕೆ ಬೇಕಾಯ್ತು?’ ಎಂದು ಒಂದು ಮಾತು ವಿಚಾರಿಸುವುದು ಹೇಳಿಕೊಡುವವರ ಹೊಣೆ.

ಕೇಳುವವರೂ ಹೇಳಿಕೊಡುವವರೂ ಸೇರುವ ನಮ್ಮ ಪ್ರತಿ ಕೂಟದಲ್ಲೂ ಮೇಜಿನ ಮೇಲೆ ಒಂದು ಚನ್ನಪಟ್ಟಣದ ಗೊಂಬೆ ಇರುತ್ತದೆ. ನಗಬೇಡಿ. ಬ್ರಯಾನ್ ಕರ್ನಿಗನ್ ಮತ್ತು ರಾಬ್ ಪೈಕ್ 1999ರ ತಮ್ಮ ಪ್ರೋಗ್ರಾಮಿಂಗ್ ಪುಸ್ತಕದಲ್ಲಿ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದ ಬಗ್ಗೆ ಹೇಳುತ್ತಾರೆ. ಅಲ್ಲಿ ಸಹಾಯದ ಮೇಜಿನ ಹತ್ತಿರ ಕರಡಿ ಗೊಂಬೆಯೊಂದನ್ನು ಇಟ್ಟಿದ್ದರು. ವಿದ್ಯಾರ್ಥಿಗಳು ಮನುಷ್ಯರನ್ನು ಕೇಳುವ ಮೊದಲು ತಮ್ಮ ತೊಡಕನ್ನು ಆ ಕರಡಿಗೆ ವಿವರಿಸಬೇಕಿತ್ತು. ಬಾಯಿಬಿಟ್ಟು ಹೇಳುವಾಗಲೇ ತಪ್ಪು ಎಲ್ಲಿದೆ ಎಂದು ಹೊಳೆಯುವುದುಂಟು. ನಮ್ಮ ಗೊಂಬೆಗೆ ಕನ್ನಡ ಬರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಹೇಳಿಕೊಡುವವರ ಬಾಯಿಗೂ ಒಂದು ಕಡಿವಾಣ ಹಾಕುತ್ತೇವೆ. ನ್ಯೂಯಾರ್ಕಿನಲ್ಲಿ 2011ರಿಂದ ನಡೆಯುತ್ತಿರುವ ರಿಕರ್ಸ್ ಸೆಂಟರ್ ಎಂಬ ಪ್ರೋಗ್ರಾಮರುಗಳ ಕಲಿಕಾ ತಾಣದಲ್ಲಿ ಒಂದು ನಿಯಮವಿದೆ: ಯಾರಾದರೂ ತಮಗೆ ಗೊತ್ತಿಲ್ಲ ಎಂದಾಗ ಆಶ್ಚರ್ಯ ನಟಿಸಬಾರದು. ಅದನ್ನು ನಾವು ಯಾವ ಸಂಕೋಚವೂ ಇಲ್ಲದೆ ಎತ್ತಿಕೊಂಡಿದ್ದೇವೆ, ಯಾಕೆಂದರೆ ‘ಅಯ್ಯೋ, ಇದೂ ಗೊತ್ತಿಲ್ವಾ?’ ಎಂಬುದು ನಮ್ಮ ಕಡೆಯ ಲ್ಯಾಬುಗಳಲ್ಲಿ ಗಂಟೆಗೆ ಹತ್ತು ಸಲ ಕೇಳಿಬರುವ ಮಾತು. ಅದರಿಂದ ಹೇಳಿದವರಿಗೆ ಸ್ವಲ್ಪ ಹಿತವಾಗುತ್ತದೆ, ಬೇರೆ ಯಾರಿಗೂ ಏನೂ ಆಗುವುದಿಲ್ಲ. ಕೇಳಿದವರು ಮತ್ತೆ ಕೇಳುವುದಿಲ್ಲ, ಅಷ್ಟೆ. ‘ತುಂಬಾ ಸಿಂಪಲ್’ ಎಂಬುದಕ್ಕೂ ನಮ್ಮಲ್ಲಿ ನಿಷೇಧ. ಸಿಂಪಲ್ ಆಗಿದ್ದರೆ ಅವರು ಕೇಳುತ್ತಿರಲಿಲ್ಲ. ‘ನನಗೂ ಗೊತ್ತಿಲ್ಲ, ನೋಡೋಣ ಬಾ’ ಎಂಬ ಮಾತಿಗೆ ಮಾತ್ರ ಎಷ್ಟು ಬೇಕಾದರೂ ಸ್ವಾಗತ. ಬಲ್ಲವರು ಗೊತ್ತಿಲ್ಲದ್ದನ್ನು ಹೇಗೆ ಹುಡುಕುತ್ತಾರೆ ಎಂದು ಪಕ್ಕದಲ್ಲಿ ಕುಳಿತು ನೋಡುವುದಕ್ಕಿಂತ ದೊಡ್ಡ ಪಾಠ ಈ ವಿದ್ಯೆಯಲ್ಲಿಲ್ಲ.

ಪ್ರಶ್ನೆ ಕನ್ನಡದಲ್ಲೇ ಕೇಳಬಹುದು. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಅರ್ಧ ಇಂಗ್ಲಿಷ್ ಬೆರೆತ ಬೆಂಗಳೂರಿನ ಕನ್ನಡ, ಯಾವುದಾದರೂ ಸರಿ. ಲೂಪ್, ಫಂಕ್ಷನ್, ವೇರಿಯಬಲ್ ಎಂಬ ಪದಗಳಿಗೆ ಬದಲಿ ಪದ ಕಟ್ಟುವುದು ನಮ್ಮ ಕಾರ್ಯಕ್ರಮವಲ್ಲ. ಆ ಜಗಳಕ್ಕೆ ನಾವು ಬರುವುದಿಲ್ಲ. ನಮ್ಮ ಚಿಂತೆ ಬೇರೆ. ಲ್ಯಾಬಿನಲ್ಲಿ ಕೈಯೆತ್ತದ ಎಷ್ಟೋ ಮಕ್ಕಳಿಗೆ ಪ್ರಶ್ನೆ ಇಲ್ಲವೆಂದಲ್ಲ, ಅದನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ.

ಕನ್ನಡದಲ್ಲಿ ಯೋಚಿಸುವವರಿಗಷ್ಟೇ ಹೊಳೆಯುವ ಪ್ರಶ್ನೆಗಳೂ ಇವೆ. ಪೈಥಾನಿನ ಲೆನ್ ಫಂಕ್ಷನ್ನಿಗೆ ‘ಕನ್ನಡ’ ಎಂಬ ಪದ ಕೊಟ್ಟು ನೋಡಿ. ನಮ್ಮ ಲೆಕ್ಕಕ್ಕೆ ಮೂರಕ್ಷರ, ಅದು ಐದು ಎನ್ನುತ್ತದೆ. ಕ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ. ಪದವನ್ನು ತಿರುಗಿಸುವ ಪ್ರೋಗ್ರಾಮಿಗೆ ಪಠ್ಯಪುಸ್ತಕದವರು ಸಾಮಾನ್ಯವಾಗಿ ಕೊಡುವುದು ‘ಮೇಡಂ’ ಎಂಬುದರ ಇಂಗ್ಲಿಷ್ ಕಾಗುಣಿತ, ಹಿಂದಿನಿಂದ ಓದಿದರೂ ಒಂದೇ. ನೀವು ‘ಮೈಸೂರು’ ಕೊಡಿ. ‘ರುಸೂಮೈ’ ಬರಬೇಕಿತ್ತು. ಬರುವುದು ‘ರೂಸೈಮ’, ಅದರ ಮುಂದೆ ಅಕ್ಷರವಿಲ್ಲದೆ ಒಂಟಿಯಾಗಿ ನೇತಾಡುವ ಉಕಾರದ ಕೊಂಬು. ಕೊಂಬು, ದೀರ್ಘ, ಐತ್ವ ಎಲ್ಲವನ್ನೂ ಯೂನಿಕೋಡ್ ಬೇರೆಬೇರೆ ಸಂಕೇತಗಳಾಗಿ ಇಟ್ಟಿರುವುದರಿಂದ, ತಿರುಗಿಸಿದಾಗ ಒಂದರದ್ದು ಇನ್ನೊಂದಕ್ಕೆ ಅಂಟುತ್ತದೆ. ಇದು ಯಾಕೆ ಹೀಗೆ ಎಂದು ಕೇಳುವ ಪಿಯುಸಿ ಹುಡುಗ ಸಂಕೇತಗಳ ಇಡೀ ವ್ಯವಸ್ಥೆಯ ಬಾಗಿಲಿನಲ್ಲಿ ನಿಂತಿದ್ದಾನೆ. ಕನ್ನಡದಲ್ಲಿ ಹುಡುಕುವ, ವಿಂಗಡಿಸುವ, ಕಾಗುಣಿತ ತಿದ್ದುವ ತಂತ್ರಾಂಶ ಬರೆಯುವವರು ಇಂಥವರೇ. ಬೇರೆ ಯಾರೂ ನಮಗಾಗಿ ಕುಳಿತು ಬರೆಯುವುದಿಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಚಾಟ್‌ಜಿಪಿಟಿ ಇರುವಾಗ ನೀವೇಕೆ? 2022ರ ನವೆಂಬರ್‌ನಲ್ಲಿ ಅದು ಬಂದಾಗಿನಿಂದ ಹೊಸಬರು ರಾತ್ರಿ ಒಂದು ಗಂಟೆಗೂ ನಾಚಿಕೆಯಿಲ್ಲದೆ ಕೇಳುವಂತಾಗಿದೆ. ಅದು ‘ಇದೂ ಗೊತ್ತಿಲ್ವಾ’ ಎನ್ನುವುದಿಲ್ಲ, ಕನ್ನಡದಲ್ಲಿ ಕೇಳಿದರೂ ಉತ್ತರಿಸುತ್ತದೆ. ಮಕ್ಕಳು ಅದರ ಕಡೆ ಓಡಿದರೆ ದೋಷ ಅವರನ್ನು ಓಡಿಸಿದ ಮನುಷ್ಯರದ್ದು. ನಾವು ಯಂತ್ರದ ವಿರೋಧಿಗಳಲ್ಲ. ಆದರೆ ಅದು ಕೇಳದಿದ್ದರೂ ಪೂರ್ತಿ ಪ್ರೋಗ್ರಾಂ ಬರೆದು ಕೈಗಿಡುವ ಜಾತಿಯದು; ನಾವು ಮೇಲೆ ಬೈದ ಟಕಟಕ ಅಣ್ಣನಿಗಿಂತಲೂ ವೇಗವಾಗಿ ಕೀಬೋರ್ಡ್ ಕಿತ್ತುಕೊಳ್ಳುತ್ತದೆ. ತಪ್ಪಿದ್ದಾಗಲೂ ಅದೇ ಆತ್ಮವಿಶ್ವಾಸದಲ್ಲಿ ಹೇಳುತ್ತದೆ. ಹಾಗಾಗಿ ನಮ್ಮ ನಿಲುವು: ಯಂತ್ರ ಕೊಟ್ಟ ಕೋಡನ್ನು ಧಾರಾಳವಾಗಿ ತನ್ನಿ, ಬಚ್ಚಿಡಬೇಡಿ. ಒಂದೊಂದು ಸಾಲೂ ಏನು ಮಾಡುತ್ತದೆ ಎಂದು ಗೊಂಬೆಯ ಮುಂದೆ ಹೇಳಿ. ಹೇಳಲಾಗದ ಸಾಲು ಇದ್ದರೆ ಅಲ್ಲಿಂದ ಶುರು ಮಾಡೋಣ. ಯಂತ್ರವನ್ನು ಕೇಳುವಾಗಲೂ ‘ಪ್ರೋಗ್ರಾಂ ಬರೆದುಕೊಡು’ ಎನ್ನುವ ಬದಲು ‘ನನ್ನ ಪ್ರೋಗ್ರಾಮಿನಲ್ಲಿ ತಪ್ಪೆಲ್ಲಿದೆ, ಉತ್ತರ ಹೇಳದೆ ಸುಳಿವು ಕೊಡು’ ಎಂದು ಕೇಳುವುದನ್ನು ರೂಢಿಸಿಕೊಳ್ಳಿ.

ಕಾಲೇಜುಗಳನ್ನು ನಾವು ಎರಡು ವಿಷಯ ಕೇಳುತ್ತೇವೆ. ಲ್ಯಾಬ್ ರೆಕಾರ್ಡ್‌ನಲ್ಲಿ ಸರಿಯಾದ ಔಟ್‌ಪುಟ್ ಬರೆಯಿಸುವ ಹಾಗೆಯೇ, ಆ ದಿನ ಬಂದ ಒಂದು ಎರರ್ ಮತ್ತು ಅದನ್ನು ಬಿಡಿಸಿದ ಬಗೆಯನ್ನೂ ಬರೆಯಿಸಿ, ಅದಕ್ಕೆ ಅಂಕ ಕೊಡಿ. ಇಡೀ ತರಗತಿಯ ರೆಕಾರ್ಡ್ ಒಂದೇ ಮೂಲದಿಂದ ನಕಲಾಗುವ ಪದ್ಧತಿ ಅಲ್ಲಿಗೆ ಕೊಂಚವಾದರೂ ಸಡಿಲವಾದೀತು, ಎರರ್ ಒಬ್ಬೊಬ್ಬರದ್ದು ಒಂದೊಂದಿರುತ್ತದೆ. ಎರಡನೆಯದು, ವೈವಾದಲ್ಲಿ ಒಂದು ಪ್ರಶ್ನೆಯನ್ನಾದರೂ ವಿದ್ಯಾರ್ಥಿಯೇ ಕೇಳಲಿ, ಪರೀಕ್ಷಕರು ಉತ್ತರಿಸಲಿ. ಹೊಸಬರನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಈ ವಿದ್ಯೆಗೆ ಹೊಸತಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮನಿ, ಥಾಮಸ್ ಕರ್ಟ್ಸ್ ಎಂಬ ಇಬ್ಬರು ಗಣಿತ ಮೇಷ್ಟ್ರುಗಳು 1964ರಲ್ಲಿ ಬೇಸಿಕ್ ಭಾಷೆಯನ್ನು ಕಟ್ಟಿದ್ದು ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಎಂದೇ.

ಕಂಪನಿಗಳಲ್ಲಿರುವ ಕನ್ನಡಿಗರಿಗೆ ಒಂದು ಮಾತು. ನಿಮ್ಮೂರಿನ ಗ್ರಂಥಾಲಯದಲ್ಲೋ ಶಾಲೆಯಲ್ಲೋ ತಿಂಗಳಿಗೊಂದು ಭಾನುವಾರ ಎರಡು ಗಂಟೆ ಕುಳಿತರೆ ಸಾಕು. ಭಾಷಣ ಬೇಡ, ಸ್ಲೈಡು ಬೇಡ, ‘ನಾನು ಬೆಳೆದು ಬಂದ ದಾರಿ’ ಖಂಡಿತ ಬೇಡ. ಹಬ್ಬಕ್ಕೆ ಊರಿಗೆ ಹೋದಾಗ ಪಕ್ಕದ ಮನೆಯ ಹುಡುಗಿ ‘ಅಣ್ಣಾ, ಇದು ಯಾಕೆ ಬರ್ತಿಲ್ಲ?’ ಎಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರೆ ಎರಡೂ ಕೈ ಹಿಂದೆ ಕಟ್ಟಿಕೊಂಡು ಅವಳ ಪಕ್ಕ ಕುಳಿತುಕೊಳ್ಳಿ.

ಕಲಿಯುತ್ತಿರುವವರೇ, ನೀವು ನಮ್ಮ ಕೂಟಗಳಿಗೆ ಬನ್ನಿ. ಸ್ವಂತ ಲ್ಯಾಪ್‌ಟಾಪ್ ಇಲ್ಲದಿದ್ದರೆ ಪ್ರೋಗ್ರಾಮನ್ನು ಕಾಗದದ ಮೇಲೆ ಬರೆದು ತನ್ನಿ, ಬಂದ ಎರರನ್ನು ಅದರ ಕೆಳಗೆ ಇದ್ದ ಹಾಗೆಯೇ ಬರೆದುಕೊಳ್ಳಿ. ಒಂದೇ ಪ್ರಶ್ನೆಯನ್ನು ಮೂರನೇ ಸಲ ಕೇಳಬೇಕಾಗಿ ಬಂದರೂ ಕೇಳಿ. ಮೊದಲೆರಡು ಸಲ ನಾವು ಸರಿಯಾಗಿ ಹೇಳಿಕೊಟ್ಟಿರಲಿಲ್ಲ ಎಂದೇ ಅದರ ಲೆಕ್ಕ.